ನಿನಗೋ, ನಿಮಗೋ?

ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ನಮ್ಮ ಚರ್ಚಿನ ಸಭೆಯಲ್ಲಿ ತಟ್ಟೆ ತುಂಬ ವಾಗ್ದಾನದ ಕಾರ್ಡು, ಅಂದರೆ ಬೈಬಲಿನ ಒಂದೊಂದು ವಾಕ್ಯ ಅಚ್ಚಾದ ಕಾರ್ಡು, ಇಟ್ಟಿರುತ್ತಾರೆ. ನೋಡದೆ ಒಂದು ಎತ್ತಿಕೊಂಡರೆ ಅದೇ ಆ ವರ್ಷದ ವಾಕ್ಯ. ಕೆಲವು ವರ್ಷದ ಹಿಂದೆ ನನಗೆ ಬಂದದ್ದು ಯೆರೆಮೀಯ 29:11, ಅಂದರೆ ಪ್ರವಾದಿ ಯೆರೆಮೀಯನ ಪುಸ್ತಕದ 29ನೇ ಅಧ್ಯಾಯದ 11ನೇ ವಾಕ್ಯ. ನಿಮ್ಮ ಬಗ್ಗೆ ನನಗಿರುವ ಯೋಚನೆ ಕೇಡಿನದಲ್ಲ, ಕ್ಷೇಮದ್ದು ಎಂಬ ಅರ್ಥದ ಮಾತು. ದೇವರು ನನಗೇ ಹೇಳಿದ್ದು ಅಂದುಕೊಂಡು ಪರ್ಸಿನಲ್ಲಿಟ್ಟುಕೊಂಡೆ. ಮಾರ್ಚಿನಲ್ಲಿ ಪೀಣ್ಯದ ಕೆಲಸ ಹೋಯಿತು.

ಕಾರ್ಡಿನ ಮೇಲೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಅಮ್ಮನ ಹಳೇ ಸತ್ಯವೇದ (ಕನ್ನಡ ಬೈಬಲು) ತೆಗೆದು ಆ ಅಧ್ಯಾಯವನ್ನು ಮೊದಲಿನಿಂದ ಓದಿದೆ. ಅದೊಂದು ಕಾಗದ. ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದ ಜನರಿಗೆ ಯೆರೆಮೀಯ ಯೆರೂಸಲೇಮಿನಿಂದ ಬರೆದದ್ದು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಊರಿನ ಕ್ಷೇಮಕ್ಕೆ ಪ್ರಾರ್ಥಿಸಿ ಅನ್ನುತ್ತಾನೆ. ನನ್ನ ವಾಕ್ಯದ ಹಿಂದಿನದು, ಹತ್ತನೆಯದು, ಬಾಬೆಲಿನಲ್ಲಿ 70 ವರ್ಷ ತುಂಬಲಿ, ಆಮೇಲೆ ಊರಿಗೆ ಕರೆತರುತ್ತೇನೆ ಅನ್ನುತ್ತದೆ. ಅಂದರೆ ಆ ಕಾಗದ ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರಿಗೆ ಊರಿಗೆ ವಾಪಸಾಗುವ ಯೋಗವೇ ಇಲ್ಲ. ಹತ್ತನೆಯ ವಾಕ್ಯವನ್ನು ಯಾರೂ ಕಾರ್ಡಿನಲ್ಲಿ ಅಚ್ಚು ಹಾಕಿಸಿದ್ದು ನಾನು ಕಂಡಿಲ್ಲ.

ಆಗ ಕಣ್ಣಿಗೆ ಬಿದ್ದದ್ದು 'ನಿಮ್ಮ' ಅನ್ನುವ ಪದ. ಬ್ಯಾಂಕಿನವರು 'ನಿಮ್ಮ ಖಾತೆ' ಅಂದ ಹಾಗೆ ಅದು ಮರ್ಯಾದೆಯ ಮಾತು ಅಂತ ತಿಳಿದಿದ್ದೆ. ಆದರೆ ನಮ್ಮ ಹಳೇ ಸತ್ಯವೇದದಲ್ಲಿ ಅಬ್ರಹಾಮನಿಗೂ ದೇವರು 'ನೀನು' ಅನ್ನುತ್ತಾನೆ, ಮೋಶೆಗೂ 'ನೀನು'. ನಾವೂ ಪ್ರಾರ್ಥನೆಯಲ್ಲಿ ಅವನಿಗೆ ಏಕವಚನವೇ. ಹಾಗಾದರೆ ಈ 'ನಿಮ್ಮ' ಒಂದು ಗುಂಪಿಗೆ ಹೇಳಿದ್ದು. ನಾನು ಓದಿಕೊಂಡದ್ದು ಬೇರೆಯವರ ಮನೆ ಟಪಾಲು!

ಶಾಲೆಯಲ್ಲಿ ಓದಿದ ಇಂಗ್ಲಿಷ್ ಬೈಬಲಿನಲ್ಲಿ ಎಲ್ಲದಕ್ಕೂ ಒಂದೇ 'ಯೂ', ಹಾಗಾಗಿ ಈ ಅನುಮಾನವೇ ಬಂದಿರಲಿಲ್ಲ. ಹೊಸ ಕೆಲಸ ಸಿಕ್ಕಮೇಲೆ ಜಾಲಹಳ್ಳಿಯಿಂದ ಜಯನಗರಕ್ಕೆ ಮೆಟ್ರೋದಲ್ಲಿ ಹೋಗುವಾಗ ಪೆನ್ಸಿಲ್ ಹಿಡಿದು ಕೂತೆ (ಸೀಟು ಸಿಕ್ಕ ದಿನ). 'ನೀನು' ಬಂದರೆ ಒಂದು ಗೀಟು, 'ನೀವು' ಬಂದರೆ ಎರಡು.

ಶುರು ಮಾಡಿದ್ದು ಅಪೊಸ್ತಲ ಪೌಲ ಫಿಲೆಮೋನನೆಂಬವನಿಗೆ ಬರೆದ ಪತ್ರಿಕೆಯಿಂದ, ಅಂದರೆ ಕಾಗದದಿಂದ, 25 ವಾಕ್ಯ ಅಷ್ಟೇ ಅಂತ. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಗೆ ಈಗಿರುವ ವಾಕ್ಯಸಂಖ್ಯೆ ಕೊಟ್ಟದ್ದು ರೊಬೇರ್ ಎತಿಯೆನ್ ಎಂಬ ಮುದ್ರಕ, 1551ರಲ್ಲಿ. ಪೌಲ ಹಾಕಿದ ಅಂಕಿ ಅಲ್ಲವಲ್ಲ ಎಂದು ಅದನ್ನೆಲ್ಲ ಬಿಟ್ಟು ಕಾಗದದ ಹಾಗೆಯೇ ಒಂದು ಹಾಳೆಗೆ ನಕಲು ಮಾಡಿಕೊಂಡೆ. ಒನೇಸಿಮನೆಂಬ ದಾಸ ಯಜಮಾನ ಫಿಲೆಮೋನನಿಂದ ದೂರವಾಗಿದ್ದಾನೆ. ಅವನನ್ನು ದಾಸನಂತಲ್ಲ, ತಮ್ಮನಂತೆ ಸೇರಿಸಿಕೋ ಎಂದು ಸೆರೆಯಲ್ಲಿರುವ ಪೌಲ ಕೇಳುತ್ತಾನೆ. ಗೀಟು ಹಾಕುತ್ತ ಹೋದರೆ ಉದ್ದಕ್ಕೂ ನೀನು, ನಿನಗೆ, ನಿನ್ನ. ಶುರುವಿನ ಆಶೀರ್ವಾದದಲ್ಲೂ ಕೊನೆಯ ಸಾಲುಗಳಲ್ಲೂ ಮಾತ್ರ 'ನಿಮ್ಮ'. ಮೇಲಿನ ವಿಳಾಸ ನೋಡಿದರೆ ಫಿಲೆಮೋನನ ಜೊತೆ ಅಪ್ಫಿಯ, ಅರ್ಖಿಪ್ಪ, ಆ ಮನೆಯಲ್ಲಿ ಕೂಡುವ ಸಭೆ, ಎಲ್ಲರೂ ಇದ್ದಾರೆ. ಒಬ್ಬನ ಕಿವಿಯಲ್ಲಿ ಹೇಳಬೇಕಾದ್ದನ್ನು ಪೌಲ ಹತ್ತು ಜನರೆದುರು ಓದಿಸುತ್ತಿದ್ದಾನೆ. ಇನ್ನು ಆ ಯಜಮಾನ ಹೇಗೆ ತಾನೇ ಇಲ್ಲ ಅಂದಾನು? ಪೌಲನ ಮೇಲೆ ನನಗೆ ಗೌರವ ಹೆಚ್ಚಾಯಿತು, ಸ್ವಲ್ಪ ಹೆದರಿಕೆಯೂ ಆಯಿತು.

ಲೂಕನ ಸುವಾರ್ತೆಯ 22ನೇ ಅಧ್ಯಾಯದಲ್ಲಿ ಯೇಸು ಶಿಷ್ಯ ಪೇತ್ರನಿಗೆ ಹೇಳುವ ಮಾತೂ ಹೀಗೆಯೇ ಬಿಚ್ಚಿಕೊಂಡಿತು. ಸೈತಾನ ಗೋದಿಯ ಹಾಗೆ ಕೇರಲು ಕೇಳಿಕೊಂಡದ್ದು 'ನಿಮ್ಮನ್ನು', ಅಂದರೆ ಶಿಷ್ಯರೆಲ್ಲರನ್ನು, ಯೇಸು ಬೇಡಿಕೊಂಡದ್ದು 'ನಿನಗಾಗಿ'.

ಇದೇ ಬೀಗದ ಕೈ ಎಲ್ಲ ಕಡೆ ತಿರುಗುತ್ತದೆ ಎಂದು ಬೀಗಿದ್ದೆ. ಬೆನ್ಸನ್ ಟೌನಿನ ಥಿಯಾಲಾಜಿಕಲ್ ಕಾಲೇಜಿನಲ್ಲಿ ಹೀಬ್ರೂ ಓದುತ್ತಿದ್ದ ನಮ್ಮ ಸಭೆಯ ಹುಡುಗ ನಕ್ಕ. "ಅಂಕಲ್, ಧರ್ಮೋಪದೇಶಕಾಂಡದ ಹೀಬ್ರೂ ಮೂಲದಲ್ಲಿ ಮೋಶೆ ಅದೇ ಜನಕ್ಕೆ ಒಮ್ಮೆ ನೀನು ಅಂತಾನೆ, ಒಮ್ಮೆ ನೀವು ಅಂತಾನೆ. ಅಲ್ಲಿ ಏನು ಮಾಡ್ತೀರಾ?" ಅಂದ. ಬೈಬಲಿನ ಆ ಪುಸ್ತಕದಲ್ಲಿ ಹಾಕಿದ್ದ ಗೀಟುಗಳನ್ನೆಲ್ಲ ಒಂದು ಭಾನುವಾರ ಕೂತು ರಬ್ಬರಿನಿಂದ ಅಳಿಸಿದೆ. ಆಮೇಲಿಂದ ಗೀಟಿನ ಜೊತೆಗೆ, ಯಾರು ಯಾರಿಗೆ ಎಲ್ಲಿಂದ ಹೇಳಿದ್ದು ಅಂತಲೂ ಅಂಚಿನಲ್ಲಿ ಬರೆಯುತ್ತೇನೆ.

ಕಳೆದ ಡಿಸೆಂಬರಿನಲ್ಲಿ ಬಂದ ಕಾರ್ಡು ಫಿಲಿಪ್ಪಿ ಊರಿನ ಸಭೆಗೆ ಪೌಲ ಬರೆದ ಕಾಗದದ್ದು, ಫಿಲಿಪ್ಪಿ 4:13, ಎಲ್ಲವನ್ನೂ ಮಾಡಬಲ್ಲೆ ಅನ್ನುವುದು. ಅದರಲ್ಲಿ ನೀನೂ ಇಲ್ಲ, ನೀವೂ ಇಲ್ಲ, ಬರೀ 'ನಾನು'. ಮನೆಗೆ ಬಂದವನೇ ಎರಡು ವಾಕ್ಯ ಹಿಂದಕ್ಕೆ ಹೋದೆ. ಹೊಟ್ಟೆ ತುಂಬಿದಾಗ ಹೇಗಿರಬೇಕು, ಹಸಿದಾಗ ಹೇಗಿರಬೇಕು, ಎರಡನ್ನೂ ಕಲಿತಿದ್ದೇನೆ ಅನ್ನುತ್ತಿದ್ದಾನೆ ಪೌಲ. ಇವನು ಮತ್ತೆ ಸೆರೆಯಿಂದಲೇ ಬರೆಯುತ್ತಿದ್ದಾನೆ ಎಂದು ಅಂಚಿನಲ್ಲಿ ಗುರುತು ಹಾಕುವಷ್ಟರಲ್ಲಿ ಒಳಗಿನಿಂದ ಹೆಂಡತಿ, "ಗಂಟೆ ಎರಡಾಯ್ತು, ಲೈಟ್ ಆರ್ಸ್ರೀ" ಅಂದಳು.