ಹಳೇ ಬೋಲ್ಟ್ ರೈಫಲ್‌ನಲ್ಲಿ ತೋಟಾ ಸಿಕ್ಕಿಕೊಳ್ಳುತ್ತಾ? ಅರ ಹಿಡಿಯುವ ಮುಂಚೆ ಅರಿವೆ ಹಿಡಿಯಿರಿ

ಕಳೆದ ಬೇಸಿಗೆಯಲ್ಲಿ ಸಿರುಗುಪ್ಪ ಕಡೆಯ ರೈತರೊಬ್ಬರು ತಮ್ಮ ರೈಫಲ್ ಜೊತೆ ನಮ್ಮ ಮನೆಗೆ ಬಂದರು. ಬೆಳೆ ರಕ್ಷಣೆಗೆ ಲೈಸೆನ್ಸ್ ಇರುವ .315 ಸ್ಪೋರ್ಟಿಂಗ್ ರೈಫಲ್, ಅವರ ಅಪ್ಪನ ಕಾಲದ್ದು. ಬೋಲ್ಟ್, ಅಂದರೆ ಹಿಡಿ ಹಿಡಿದು ಹಿಂದೆ ಮುಂದೆ ಆಡಿಸುವ ಅಗಳಿ, ಮುಂದಕ್ಕೆ ತಳ್ಳಿದರೆ ತೋಟಾದ ಮೇಲೆಯೇ ಜಾರಿ ಹೋಗುತ್ತದೆ, ಚೇಂಬರ್‌ಗೆ, ಅಂದರೆ ನಳಿಗೆಯ ಬುಡದಲ್ಲಿ ತೋಟಾ ಕೂರುವ ಗೂಡಿಗೆ, ಏನೂ ಹೋಗುವುದಿಲ್ಲ ಎಂದರು. ಅದಕ್ಕೂ ಮುಂಚೆ ಇನ್ನೊಬ್ಬರ ಹತ್ತಿರ ಎರಡು ಸಲ ತೋರಿಸಿದ್ದರಂತೆ. ಅವರು ಮ್ಯಾಗಜೀನ್, ಅಂದರೆ ತೋಟಾ ತುಂಬುವ ಪೆಟ್ಟಿಗೆಯ ಬಾಯಿಗೆ ಅರ ಹಾಕಿ ಉಜ್ಜಿ ಕೊಟ್ಟಿದ್ದರು. ಸರಿಹೋಗುವುದಿರಲಿ, ಇನ್ನೂ ಕೆಟ್ಟಿತ್ತು.

ಪಡಸಾಲೆಯಲ್ಲಿ ಪೇಪರ್ ಹಾಸಿ ಮ್ಯಾಗಜೀನ್ ಬಿಚ್ಚಿದೆವು. ತೋಟಾ ಕೂರುವ ತಟ್ಟೆ, ಅಂದರೆ ಫಾಲೋವರ್ ಹೊರಗೆ ಬರುತ್ತಿದ್ದಂತೆ ಒಳಗಿನಿಂದ ಕೆಂಪು ಅಂಟು ಬಂತು. ಎಣ್ಣೆ ಮತ್ತು ಅದಿರಿನ ಧೂಳು ಸೇರಿ ಕುಂಕುಮ ಕಲಸಿದ ಹಾಗೆ ಆಗಿತ್ತು. ಅದರ ಜೊತೆ ಒಂದು ಭತ್ತದ ಹೊಟ್ಟು ಫಾಲೋವರ್‌ಗೂ ಪೆಟ್ಟಿಗೆಯ ಗೋಡೆಗೂ ನಡುವೆ ಸರಿಯಾಗಿ ಸಿಕ್ಕಿಕೊಂಡಿತ್ತು. ಸ್ಪ್ರಿಂಗ್ ಮೇಲಕ್ಕೆ ತಳ್ಳುತ್ತಿದೆ, ಹೊಟ್ಟು ಹಿಡಿದು ನಿಲ್ಲಿಸಿದೆ. ಅಷ್ಟೇ ಕಾಯಿಲೆ. ಈಗ ಅರ ಹಾಕಿದ ಆ ಮ್ಯಾಗಜೀನ್ ಬಾಯಿಯನ್ನು ಮಾತ್ರ ಯಾರೂ ಮೊದಲಿನಂತೆ ಮಾಡಲು ಆಗುವುದಿಲ್ಲ. ನನಗೆ ಹೊಟ್ಟೆ ಉರಿದಿದ್ದು ಅದಕ್ಕೆ.

ನಾನು ಬಹಳ ವರ್ಷ ಶಸ್ತ್ರಾಗಾರದಲ್ಲಿ ತ್ರೀ ನಾಟ್ ತ್ರೀ (.303) ರೈಫಲ್‌ಗಳನ್ನು ಬಿಚ್ಚಿ ಜೋಡಿಸುವ ಕೆಲಸ ಮಾಡಿದವನು. ತೋಟಾ ಎಳೆದುಕೊಳ್ಳುತ್ತಿಲ್ಲ ಎಂದು ಬಂದ ರೈಫಲ್‌ಗಳಲ್ಲಿ ಜಾಸ್ತಿ ಪಾಲಿಗೆ ಬೇಕಾಗಿದ್ದು ಒಂದು ಹಳೇ ಅರಿವೆ, ಸ್ವಲ್ಪ ಸೀಮೆಎಣ್ಣೆ ಮತ್ತು ತೋಟಾ ತುಂಬುವ ಸರಿಯಾದ ಕ್ರಮ. ಹಾಗಾಗಿ ಅದೇ ಕ್ರಮದಲ್ಲಿ ಬರೆಯುತ್ತೇನೆ.

ಮೊದಲು ಕಾನೂನಿನ ಮಾತು. .303 ಮತ್ತು 7.62 ನಮ್ಮ ದೇಶದಲ್ಲಿ ಸಾಮಾನ್ಯ ಜನರಿಗೆ ನಿಷೇಧವಿರುವ ಬೋರ್‌ಗಳು, ಅಂದರೆ ನಳಿಗೆಯ ಅಳತೆಗಳು, ಸಾಮಾನ್ಯವಾಗಿ ಪೊಲೀಸ್ ಮತ್ತು ಪಡೆಗಳಲ್ಲಿ ಇರುತ್ತವೆ. ಜನರ ಕೈಯಲ್ಲಿ ಲೈಸೆನ್ಸ್ ಮೇಲೆ ಹೆಚ್ಚಾಗಿ ಇರುವುದು ಪಶ್ಚಿಮ ಬಂಗಾಳದ ಇಷಾಪುರ ರೈಫಲ್ ಕಾರ್ಖಾನೆಯ .315. ಅದರ ಹುಟ್ಟು ತ್ರೀ ನಾಟ್ ತ್ರೀಯ, ಅಂದರೆ ಬ್ರಿಟಿಷರ ಲೀ-ಎನ್‌ಫೀಲ್ಡ್ ರೈಫಲ್ ವಂಶದ್ದೇ, ಆದ್ದರಿಂದ ರೋಗಗಳೂ ಬಹುಪಾಲು ಅವೇ. 1959ರ ಆರ್ಮ್ಸ್ ಆ್ಯಕ್ಟ್ ಪ್ರಕಾರ ಬಂದೂಕು ರಿಪೇರಿ ಮಾಡುವವರಿಗೆ ಅದಕ್ಕೆಂದೇ ಬೇರೆ ಲೈಸೆನ್ಸ್ ಬೇಕು. ನಿಮ್ಮದೇ ರೈಫಲ್ ಅನ್ನು ನೀವು ಒರೆಸಿ, ತೊಳೆದು, ಎಣ್ಣೆ ಹಾಕಿ, ತೊಂದರೆ ಎಲ್ಲಿದೆ ಎಂದು ನೋಡಬಹುದು. ಬಗ್ಗಿಸುವುದು, ಉಜ್ಜುವುದು, ಭಾಗ ಬದಲಿಸುವುದು ಲೈಸೆನ್ಸ್ ಇರುವ ರಿಪೇರಿಯವರ ಕೆಲಸ. ಇದನ್ನು ಬಾಯಿಮಾತಿಗೆ ಹೇಳುತ್ತಿಲ್ಲ.

ಇನ್ನು ಸುರಕ್ಷತೆ. ಮ್ಯಾಗಜೀನ್ ಹೊರಗೆ ತೆಗೆಯಿರಿ. ಬೋಲ್ಟ್ ಪೂರ್ತಿ ಹಿಂದಕ್ಕೆ ಎಳೆಯಿರಿ. ಚೇಂಬರ್ ಒಳಗೆ ಕಣ್ಣಿಂದ ನೋಡಿ, ಆಮೇಲೆ ಕಿರುಬೆರಳು ಹಾಕಿ ಮುಟ್ಟಿ ನೋಡಿ, ಯಾಕೆಂದರೆ ಮಸಿ ಹಿಡಿದ ಚೇಂಬರ್‌ನಲ್ಲಿ ಹಳೇ ತೋಟಾ ಇದ್ದರೂ ಕಣ್ಣಿಗೆ ಕಾಣದೇ ಹೋಗಬಹುದು. ನಿಜವಾದ ತೋಟಾಗಳನ್ನು ಬೇರೆ ಕೋಣೆಯಲ್ಲಿ ಬೀಗ ಹಾಕಿ ಇಡಿ. ತೋಟಾ ಒಳಗೆ ಹೋಗುತ್ತದಾ ಅಂತ ಪರೀಕ್ಷೆ ಮಾಡಲು ಡಮ್ಮಿ ತೋಟಾ ಮಾತ್ರ ಬಳಸಿ. ಅಂದರೆ ಮದ್ದೂ ಇಲ್ಲದ, ತಳದಲ್ಲಿ ಕಿಡಿ ಕೊಡುವ ಪ್ರೈಮರ್ ಕೂಡ ಇಲ್ಲದ ಡ್ರಿಲ್ ತೋಟಾ. ಸುಮ್ನೆ ಒಂದು ಸಲ ನೋಡೋಣ ಅಂತ ಮನೆಯೊಳಗೆ ಜೀವಂತ ತೋಟಾ ಹಾಕಿ ಬೋಲ್ಟ್ ಆಡಿಸುವ ಅಭ್ಯಾಸ ದಯವಿಟ್ಟು ಬೇಡ. ಡಮ್ಮಿ ಸಿಗದಿದ್ದರೆ ಪರೀಕ್ಷೆಯನ್ನೇ ರಿಪೇರಿಯವರಿಗೆ ಬಿಡಿ.

ಈಗ ಕೊಳೆ ತೆಗೆಯುವ ಕೆಲಸ. ನಮ್ಮ ಬಳ್ಳಾರಿ ಸೀಮೆಯ ಧೂಳು ಬೇರೆ ಊರಿನ ಧೂಳಿನ ಹಾಗಲ್ಲ. ಸಂಡೂರು, ತೋರಣಗಲ್ಲು ದಾರಿಯಲ್ಲಿ ಒಂದು ಸಲ ಬೈಕ್‌ನಲ್ಲಿ ಹೋಗಿ ಬಂದರೆ ಬಿಳಿ ಅಂಗಿ ಕೆಂಪಾಗುತ್ತದೆ, ಅಲ್ವಾ? ಅದು ಕಬ್ಬಿಣದ ಅದಿರಿನ ಪುಡಿ. ಎಣ್ಣೆ ಕಂಡರೆ ಹಿಡಿದುಕೊಳ್ಳುತ್ತದೆ, ಒಣಗಿದರೆ ಸಾಣೆ ಪುಡಿಯಂತೆ ಲೋಹವನ್ನು ಕೆರೆಯುತ್ತದೆ. ಹಾಗಾಗಿ ರೈಫಲ್ ಚೆನ್ನಾಗಿರಲಿ ಅಂತ ಎಣ್ಣೆ ಸುರಿಯುವವರ ರೈಫಲ್ಲೇ ಇಲ್ಲಿ ಮೊದಲು ನಿಲ್ಲುತ್ತದೆ. ಕೊಬ್ಬರಿ ಎಣ್ಣೆಯಂತೂ ಹಚ್ಚಲೇಬೇಡಿ, ಚಳಿಗೆ ಹೆಪ್ಪುಗಟ್ಟುತ್ತದೆ. ಗ್ರೀಸ್ ಕೂಡ ಮ್ಯಾಗಜೀನ್ ಒಳಗೆ ಬೇಡ.

ಫಾಲೋವರ್ ತೆಗೆಯುವುದು ಕಷ್ಟವಲ್ಲ. ಟ್ರಿಗರ್ ಗಾರ್ಡ್ ಒಳಗಿರುವ ಸಣ್ಣ ಕೊಂಡಿ ಒತ್ತಿದರೆ ಮ್ಯಾಗಜೀನ್ ಕೆಳಗೆ ಬರುತ್ತದೆ. ಫಾಲೋವರ್‌ನ ಹಿಂದಿನ ಅಗಲದ ತುದಿಯನ್ನು ಹೆಬ್ಬೆರಳಿನಿಂದ ಆದಷ್ಟು ಕೆಳಗೆ ಒತ್ತಿ. ಆಗ ಮುಂದಿನ ತುದಿ ತಲೆ ಎತ್ತಿ ಬಾಯಿಯ ಅಂಚಿನಿಂದ ಬಿಡಿಸಿಕೊಳ್ಳುತ್ತದೆ. ಸ್ಪ್ರಿಂಗ್ ಸಮೇತ ನಿಧಾನವಾಗಿ ಹೊರಗೆ ತನ್ನಿ, ಅದು ಯಾವ ಕಡೆ ಮುಖ ಮಾಡಿ ಕೂತಿತ್ತು ಅಂತ ಫೋನ್‌ನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಸ್ಪ್ರಿಂಗ್ ಉಲ್ಟಾ ಹಾಕಿ ಒಂದು ವಾರ ತಲೆ ಕೆಡಿಸಿಕೊಂಡವರನ್ನು ನಾನು ನೋಡಿದ್ದೇನೆ. ಪೆಟ್ಟಿಗೆಯ ಒಳಗೆ ಮುಂಭಾಗದಲ್ಲಿ ಇನ್ನೊಂದು ಸಣ್ಣ ಪಟ್ಟಿ ಸ್ಪ್ರಿಂಗ್ ಕಂಡರೆ ಅದನ್ನು ಮುಟ್ಟಬೇಡಿ, ಅದು ಅಲ್ಲೇ ಇರಬೇಕಾದದ್ದು.

ಹಳೇ ಟೂತ್‌ಬ್ರಷ್ ಮತ್ತು ಸೀಮೆಎಣ್ಣೆಯಿಂದ ಪೆಟ್ಟಿಗೆಯ ಒಳಗೋಡೆ, ಮೂಲೆ, ಫಾಲೋವರ್‌ನ ಅಂಚು ಎಲ್ಲ ಉಜ್ಜಿ. ಬಿಳಿ ಹತ್ತಿ ಬಟ್ಟೆಯಿಂದ ಒರೆಸಿ. ಬಟ್ಟೆಯ ಮೇಲೆ ಕೆಂಪು ಬರುವುದು ನಿಲ್ಲುವವರೆಗೂ ಒರೆಸಿ. ಪೂರ್ತಿ ಒಣಗಿದ ಮೇಲೆ ಹೊಲಿಗೆ ಮಷಿನ್ ಎಣ್ಣೆಯ ಒಂದೇ ಹನಿ ಬಟ್ಟೆಗೆ ಹಾಕಿ ಸ್ಪ್ರಿಂಗ್ ಮೇಲೆ ಸವರಿ. ಬೋಲ್ಟ್ ಓಡುವ ದಾರಿಗೂ ಅಷ್ಟೇ. ಚೇಂಬರ್ ಮಾತ್ರ ಒಣಗಿರಬೇಕು. ಚೇಂಬರ್‌ನಲ್ಲಿ ಎಣ್ಣೆ ಇದ್ದರೆ ಗುಂಡು ಹಾರುವಾಗ ತೋಟಾದ ಚಿಪ್ಪು ಗೋಡೆಯನ್ನು ಹಿಡಿದುಕೊಳ್ಳದೆ ಹಿಂದಕ್ಕೆ ಜಾರಿ ಬೋಲ್ಟ್ ಮೇಲೆ ಜಾಸ್ತಿ ಹೊಡೆತ ಬೀಳುತ್ತದೆ.

ಮತ್ತೆ ಜೋಡಿಸಿ, ಫಾಲೋವರ್ ಅನ್ನು ಬೆರಳಿನಿಂದ ಕೆಳಗೆ ಒತ್ತಿ ಬಿಡಿ. ಟಪ್ಪನೆ ಮೇಲೆ ಬರಬೇಕು. ಎಲ್ಲಾದರೂ ನಿಧಾನವಾದರೆ, ಓರೆಯಾಗಿ ನಿಂತರೆ, ಅಲ್ಲಿ ಇನ್ನೂ ಕೊಳೆ ಇದೆ, ಇಲ್ಲವೇ ಪೆಟ್ಟಿಗೆಯ ಗೋಡೆ ಒಳಕ್ಕೆ ತಗ್ಗಿದೆ. ಪೆಟ್ಟಿಗೆಯನ್ನು ಬೆಳಕಿಗೆ ಹಿಡಿದು ನೋಡಿದರೆ ತಗ್ಗು ಗೊತ್ತಾಗುತ್ತದೆ.

ಎರಡನೆಯದು ರಿಮ್ ವಿಚಾರ. ಇದನ್ನು ಅರ್ಥ ಮಾಡಿಕೊಂಡರೆ ಅರ್ಧ ತೊಂದರೆ ಮುಗಿದ ಹಾಗೆ. .303 ಮತ್ತು .315 ಎರಡೂ ರಿಮ್ ಇರುವ ತೋಟಾಗಳು. ತಳದಲ್ಲಿ ಚಿಪ್ಪಿಗಿಂತ ಅಗಲವಾದ ಒಂದು ಅಂಚು ಇರುತ್ತದಲ್ಲ, ಅದೇ ರಿಮ್. ಮೇಲಿನ ತೋಟಾದ ರಿಮ್ ಯಾವಾಗಲೂ ಕೆಳಗಿನ ತೋಟಾದ ರಿಮ್‌ಗಿಂತ ಮುಂದೆ ಇರಬೇಕು. ಹಿಂದೆ ಬಿದ್ದರೆ, ಬೋಲ್ಟ್ ಮೇಲಿನದನ್ನು ತಳ್ಳಿದಾಗ ಅದರ ಅಂಚು ಕೆಳಗಿನ ಅಂಚಿಗೆ ಸಿಕ್ಕಿ ಎರಡೂ ಸೇರಿ ಗಟ್ಟಿಯಾಗಿ ನಿಲ್ಲುತ್ತವೆ. ಇದಕ್ಕೆ ರಿಮ್ ಲಾಕ್ ಎನ್ನುತ್ತಾರೆ. ಎರಡು ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟು ಮೇಲಿನದನ್ನು ಜಾರಿಸುವಾಗ ಕೆಳಗಿನದರ ಕಂಠಕ್ಕೆ ಸಿಕ್ಕಿಕೊಳ್ಳುವುದಿಲ್ಲವೇ, ಹಾಗೇ.

ಆಗ ಬಲ ಹಾಕಿ ಬೋಲ್ಟ್ ತಳ್ಳಬೇಡಿ. ಬೋಲ್ಟ್ ಹಿಂದಕ್ಕೆ ತೆಗೆದು, ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು, ಮ್ಯಾಗಜೀನ್ ಹೊರಗೆ ತೆಗೆದು ತೋಟಾಗಳನ್ನು ಒಂದೊಂದಾಗಿ ಬಿಡಿಸಿ. ಮತ್ತೆ ತುಂಬುವಾಗ ಪ್ರತಿ ತೋಟಾದ ರಿಮ್ಮನ್ನೂ ಅದಕ್ಕೂ ಮೊದಲು ಹಾಕಿದ ತೋಟಾದ ರಿಮ್‌ಗಿಂತ ಮುಂದೆ ಕೂರಿಸಿ ಒತ್ತಿ. ಎರಡು ಹಾಕಿದ ಮೇಲೆ ಒಮ್ಮೆ ಪಕ್ಕದಿಂದ ಬಗ್ಗಿ ನೋಡಿ. ಅಭ್ಯಾಸವಾದ ಮೇಲೆ ಕೈಗೇ ಗೊತ್ತಾಗುತ್ತದೆ. ತ್ರೀ ನಾಟ್ ತ್ರೀಗೆ ಚಾರ್ಜರ್ ಕ್ಲಿಪ್‌ನಲ್ಲಿ, ಅಂದರೆ ತೋಟಾಗಳ ತಳವನ್ನು ಸಾಲಾಗಿ ಹಿಡಿದಿಡುವ ತಗಡಿನ ಪಟ್ಟಿಯಲ್ಲಿ, ಐದೈದು ತೋಟಾ ಬರುತ್ತವೆ, ಮ್ಯಾಗಜೀನ್‌ನಲ್ಲಿ ಹತ್ತು ಹಿಡಿಯುತ್ತದೆ. ಕ್ಲಿಪ್‌ನಲ್ಲಿ ರಿಮ್‌ಗಳು ಒಂದು ಕೆಳಗೆ, ಒಂದು ಮೇಲೆ, ಹೀಗೆ ಸಾಲಾಗಿ ಇರಬೇಕು. ಮೂರು ಕೆಳಗೆ, ಎರಡು ಮೇಲೆ. ಹಾಗೆ ಕಟ್ಟಿದ್ದರೆ ಕ್ಲಿಪ್ಪನ್ನು ಯಾವ ಕಡೆ ತಿರುಗಿಸಿ ಹಾಕಿದರೂ ಸರಿ. ಹೆಬ್ಬೆರಳು ತೋಟಾದ ತಳದ ಹತ್ತಿರ ಇಟ್ಟು ಒಂದೇ ಒತ್ತಿಗೆ ಇಳಿಸಿ, ಅರ್ಧಕ್ಕೆ ನಿಲ್ಲಿಸಬೇಡಿ. 1960ರ ದಶಕದಲ್ಲಿ ಇಷಾಪುರದಲ್ಲೇ ತಯಾರಾದ 7.62ರ 2ಎ1 ರೈಫಲ್‌ಗೆ ಮಾತ್ರ ಈ ರಗಳೆ ಇಲ್ಲ. ಅದರ ತೋಟಾಕ್ಕೆ ಹೊರಚಾಚಿದ ರಿಮ್ ಇಲ್ಲ, ಮ್ಯಾಗಜೀನ್ ಹನ್ನೆರಡರದ್ದು.

ಕೊಳೆ ಹೋಯಿತು, ತುಂಬುವ ಕ್ರಮ ಸರಿಯಾಯಿತು, ಆದರೂ ನಿಲ್ಲುತ್ತಿದೆ ಎಂದರೆ ಈಗ ಎಲ್ಲಿ ನಿಲ್ಲುತ್ತಿದೆ ಎಂದು ನೋಡಬೇಕು. ಡಮ್ಮಿ ತೋಟಾದ ಮೂತಿಗೆ ಕಪ್ಪು ಮಾರ್ಕರ್ ಹಚ್ಚಿ. ನಿಧಾನವಾಗಿ ಬೋಲ್ಟ್ ತಳ್ಳಿ. ಹೊರಗೆ ತೆಗೆದು ಕಪ್ಪು ಎಲ್ಲಿ ಕೆರೆದಿದೆ ನೋಡಿ. ಮೂತಿಯ ಕೆಳಭಾಗ ಕೆರೆದಿದ್ದರೆ ತೋಟಾ ತಲೆ ತಗ್ಗಿಸಿಕೊಂಡು ಹೋಗಿ ಚೇಂಬರ್‌ನ ಕೆಳ ಅಂಚಿಗೆ ಗುದ್ದುತ್ತಿದೆ. ಅಂದರೆ ಫಾಲೋವರ್ ಮುಂದಕ್ಕೆ ವಾಲಿದೆ, ಇಲ್ಲವೇ ಮ್ಯಾಗಜೀನ್ ಪೂರ್ತಿ ಮೇಲೆ ಕೂತಿಲ್ಲ. ಮ್ಯಾಗಜೀನ್ ಹಾಕಿದ ಮೇಲೆ ಕೆಳಗಿನಿಂದ ಅಂಗೈಯಿಂದ ಒಂದು ಏಟು ಕೊಡಿ. ಟಕ್ ಎಂದು ಇನ್ನಷ್ಟು ಮೇಲೆ ಹೋದರೆ ಕೊಂಡಿ ಸವೆದಿದೆ ಅಥವಾ ಅದರಲ್ಲೂ ಮಣ್ಣಿದೆ. ಬೋಲ್ಟ್ ತೋಟಾದ ಮೇಲೆಯೇ ಜಾರಿದರೆ ಸ್ಪ್ರಿಂಗ್ ಸೋತಿದೆ ಅಥವಾ ಮತ್ತೆ ಅದೇ ಕೊಂಡಿ. ಒಂದರ ಬದಲು ಎರಡು ತೋಟಾ ಒಟ್ಟಿಗೆ ಹಾರಿ ಬಂದರೆ ಮ್ಯಾಗಜೀನ್ ಬಾಯಿಯ ಹಿಂದಿನ ಕಿವಿಗಳು, ಅಂದರೆ ಲಿಪ್‌ಗಳು, ಅಗಲವಾಗಿವೆ.

ಸ್ಪ್ರಿಂಗ್ ಸೋತಿದ್ದರೆ ಎಳೆದು ಉದ್ದ ಮಾಡುವ ಉಪಾಯವನ್ನು ತುಂಬ ಜನ ಹೇಳುತ್ತಾರೆ. ಬೇಡ. ನಾಲ್ಕು ದಿನ ನಡೆದು ಮತ್ತೆ ಕೂರುತ್ತದೆ, ಓರೆ ಬೇರೆ ಆಗುತ್ತದೆ. ಹೊಸದು ಹಾಕಿಸಿ. ಲಿಪ್‌ಗಳನ್ನು ಇಕ್ಕಳದಿಂದ ಬಗ್ಗಿಸುವುದಂತೂ ನಿಮ್ಮ ಕೆಲಸ ಅಲ್ಲವೇ ಅಲ್ಲ. ಈ ರೈಫಲ್‌ಗಳಲ್ಲಿ ಮ್ಯಾಗಜೀನನ್ನು ಆಯಾ ರೈಫಲ್‌ಗೆ ಹೊಂದಿಸಿ ಕೊಟ್ಟಿರುತ್ತಾರೆ. ಪಕ್ಕದವರ ರೈಫಲ್‌ನ ಮ್ಯಾಗಜೀನ್ ನಿಮ್ಮದರಲ್ಲಿ ಕೂತರೂ ಸರಿಯಾಗಿ ನಡೆಯದಿರಲು ಕಾರಣ ಇದೇ. ತಿಳಿದವರು ಕೂದಲೆಳೆಯಷ್ಟು ಬಗ್ಗಿಸುತ್ತಾರೆ, ಡಮ್ಮಿ ಹಾಕಿ ನೋಡುತ್ತಾರೆ, ಮತ್ತೆ ಅಷ್ಟೇ ಬಗ್ಗಿಸುತ್ತಾರೆ. ಅದಕ್ಕೆ ಒಂದು ಮಧ್ಯಾಹ್ನ ಪೂರ್ತಿ ಬೇಕು. ಐದು ನಿಮಿಷದಲ್ಲಿ ಮಾಡಿ ಕೊಡುತ್ತೇನೆ ಅನ್ನುವವರ ಕೈಗೆ ಕೊಡಬೇಡಿ.

ತೋಟಾ ಒಳಗೆ ಹೋಯಿತು ಆದರೆ ಬೋಲ್ಟ್ ಮುಚ್ಚುತ್ತಿಲ್ಲ ಎಂದರೆ ಅದು ಮ್ಯಾಗಜೀನ್ ರೋಗವಲ್ಲ. ಚೇಂಬರ್ ನೋಡಿ. ಮಸಿ, ತುಕ್ಕು, ಹಳೇ ಎಣ್ಣೆಯ ಪದರ ಇರಬಹುದು. ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್‌ನಿಂದ ಉಜ್ಜಿ, ಒಣ ಬಟ್ಟೆಯಿಂದ ಒರೆಸಿ, ಟಾರ್ಚ್ ಬಿಟ್ಟು ನೋಡಿ. ತುಕ್ಕಿನ ಗುಳಿಗಳು ಕಂಡರೆ ಅಲ್ಲಿಗೆ ನಿಲ್ಲಿಸಿ, ರಿಪೇರಿಯವರಿಗೆ ತೋರಿಸಿ. ಬೋಲ್ಟ್ ಮೇಲಿನ ನಂಬರ್ ಮತ್ತು ರೈಫಲ್ ಮೈಮೇಲಿನ ನಂಬರ್ ಒಂದೇ ಇದೆಯಾ ಅಂತಲೂ ನೋಡಿ. ಬೇರೆ ಬೋಲ್ಟ್ ಸೇರಿಕೊಂಡಿದ್ದರೆ ತೋಟಾದ ತಳಕ್ಕೂ ಬೋಲ್ಟ್ ಮುಖಕ್ಕೂ ಇರಬೇಕಾದ ಅಂತರ ತಪ್ಪಿರಬಹುದು, ಅದನ್ನು ಗೇಜ್ ಹಾಕಿ ಅಳೆಯದೆ ಹಾರಿಸಬಾರದು.

ಇನ್ನೊಂದು ಇದೆ, ಅದು ಇವೆಲ್ಲಕ್ಕಿಂತ ಅಪಾಯದ್ದು. ಹಾರಿಸಿದ ತೋಟಾದ ಖಾಲಿ ಚಿಪ್ಪು ಚೇಂಬರ್‌ನಲ್ಲೇ ಉಳಿದು, ಹೊಸ ತೋಟಾ ಅದರ ಬೆನ್ನಿಗೆ ಗುದ್ದುವುದು. ಹೊರಗಿನಿಂದ ನೋಡಿದರೆ ತೋಟಾ ಸಿಕ್ಕಿಕೊಂಡ ಹಾಗೇ ಕಾಣುತ್ತದೆ. ನಿಜವಾದ ತಪ್ಪು ಎಕ್ಸ್‌ಟ್ರ್ಯಾಕ್ಟರ್‌ನದ್ದು, ಅಂದರೆ ಬೋಲ್ಟ್ ತಲೆಯಲ್ಲಿರುವ ಕೊಕ್ಕೆಯದ್ದು. ಇನ್ನೂ ಕೆಟ್ಟದ್ದೆಂದರೆ ಅಲ್ಲಿರುವುದು ಹಾರದೆ ಉಳಿದ ಜೀವಂತ ತೋಟಾ ಆಗಿದ್ದರೆ ಅದರ ಪ್ರೈಮರ್‌ಗೆ ಹೊಸ ಗುಂಡಿನ ಮೂತಿ ಬಡಿಯುತ್ತದೆ. ಹಾಗಾಗಿ ಮುಂದೆ ಅಡ್ಡ ಸಿಕ್ಕಿತು ಅನಿಸಿದರೆ ಎಂದೂ ಗುದ್ದಬೇಡಿ. ಕೊಕ್ಕೆ ಪರೀಕ್ಷೆ ಸುಲಭ. ಬೋಲ್ಟ್ ಹೊರಗೆ ತೆಗೆದು ಡಮ್ಮಿಯ ರಿಮ್ ಅನ್ನು ಕೊಕ್ಕೆಯ ಕೆಳಗೆ ಸಿಕ್ಕಿಸಿ ಮೆಲ್ಲಗೆ ಅಲುಗಾಡಿಸಿ. ಹಿಡಿದು ನಿಂತರೆ ಸರಿ. ತಕ್ಷಣ ಬಿದ್ದರೆ ಮೊದಲು ಕೊಕ್ಕೆಯ ಕೆಳಗಿನ ಕೊಳೆಯನ್ನು ಚೂಪು ಮಾಡಿದ ಬಿದಿರು ಕಡ್ಡಿಯಿಂದ ತೆಗೆಯಿರಿ. ಆಮೇಲೂ ಬಿದ್ದರೆ ಕೊಕ್ಕೆ ಅಥವಾ ಅದರ ಸ್ಪ್ರಿಂಗ್ ಬದಲಿಸಬೇಕು.

ಬೋಲ್ಟ್ ಆಡಿಸುವ ಕೈಯೂ ಕಾರಣ ಆಗುತ್ತದೆ. ಬ್ಯಾಂಕ್ ಮುಂದೆ ಕಾವಲು ನಿಲ್ಲುವ ನಮ್ಮ ಹಳೇ ಸೈನಿಕರು ಇದನ್ನು ಬೇಗ ಒಪ್ಪುತ್ತಾರೆ, ಹೊಸಬರು ಒಪ್ಪುವುದಿಲ್ಲ. ರೈಫಲ್ ಹಳೆಯದು, ಪಾಪ, ಮೆಲ್ಲಗೆ ಎಳೆಯೋಣ ಎಂದು ಅರ್ಧ ಎಳೆದರೆ ಬೋಲ್ಟ್ ತೋಟಾದ ಹಿಂದೆ ಹೋಗುವುದೇ ಇಲ್ಲ. ಮತ್ತೆ ತೋಟಾ ಹಿಡಿಯುವುದು ಹೇಗೆ? ಹಿಂದೆ ಗಟ್ಟಿಯಾಗಿ ತಡೆಯುವವರೆಗೂ ಎಳೆಯಿರಿ, ಆಮೇಲೆ ಹಳೇ ಮನೆಯ ಅಗಳಿ ಹಾಕಿದ ಹಾಗೆ ಒಂದೇ ದಮ್ಮಿಗೆ ಮುಂದೆ ತಳ್ಳಿ ಕೆಳಗೆ ಮಡಚಿ. ಈ ವಂಶದ ರೈಫಲ್‌ಗಳಲ್ಲಿ ಬೋಲ್ಟ್ ಮುಚ್ಚುವಾಗಲೇ ಕಾಕ್ ಆಗುತ್ತದೆ, ಅಂದರೆ ಹೊಡೆಯುವ ಸ್ಪ್ರಿಂಗ್ ಬಿಗಿಯಾಗುತ್ತದೆ, ಆದ್ದರಿಂದ ಕೊನೆಯ ಬೆರಳಷ್ಟು ದೂರದಲ್ಲಿ ಕೈಗೆ ಬಿಗಿ ಸಿಗುವುದು ಸಹಜ. ಅದನ್ನೇ ಅಡ್ಡ ಸಿಕ್ಕಿದೆ ಎಂದು ತಿಳಿದು ವಾಪಸ್ ಎಳೆಯುವವರೂ ಇದ್ದಾರೆ.

ಎಲೆಕ್ಷನ್ ಬಂದಾಗ ಠಾಣೆಗೆ ಒಪ್ಪಿಸಿ ವಾಪಸ್ ತರುವ ರೈಫಲ್ ಬಗ್ಗೆ ಒಂದು ಮಾತು. ಒಪ್ಪಿಸುವ ಮುಂಚೆ ಎಣ್ಣೆ ಬಳಿದು ಗೋಣಿಚೀಲದಲ್ಲಿ ಸುತ್ತಿ ಕೊಡುತ್ತಾರೆ. ಗೋಣಿಯ ನಾರು ಎಣ್ಣೆಗೆ ಅಂಟಿ ಮ್ಯಾಗಜೀನ್ ಒಳಗೆ ಸೇರುತ್ತದೆ. ಅದರ ಬದಲು ಒರೆಸಿ, ತೆಳ್ಳಗೆ ಎಣ್ಣೆ ಸವರಿ, ಹತ್ತಿ ಬಟ್ಟೆಯಲ್ಲಿ ಸುತ್ತಿ. ವಾಪಸ್ ತಂದ ದಿನವೇ ಮ್ಯಾಗಜೀನ್ ಬಿಚ್ಚಿ ಫಾಲೋವರ್ ಒತ್ತಿ ಬಿಟ್ಟು ನೋಡಿ, ಚೇಂಬರ್‌ಗೆ ಟಾರ್ಚ್ ಬಿಡಿ, ಕೊಕ್ಕೆಗೆ ಡಮ್ಮಿ ಸಿಕ್ಕಿಸಿ ಅಲುಗಾಡಿಸಿ. ಸಿರುಗುಪ್ಪದವರು ಈಗ ಹೀಗೇ ಮಾಡುತ್ತಿದ್ದಾರೆ. ಅವರ ಹಳೇ ಮ್ಯಾಗಜೀನ್ ಬಾಯಿ ಉಳಿಯಲಿಲ್ಲ, ಲೈಸೆನ್ಸ್ ಇರುವ ಅಂಗಡಿಯವರು ಬೇರೆಯದು ತರಿಸಿ ಆ ರೈಫಲ್‌ಗೆ ಹೊಂದಿಸಿ ಕೊಟ್ಟರು.