ಸರ್ಕಾರಿ ಜಾಹೀರಾತು ಬಿಟ್ಟು ತಾಲೂಕು ವಾರಪತ್ರಿಕೆ: ನಮ್ಮ ಲೆಕ್ಕ

ಇಲಾಖೆ ಜಾಹೀರಾತು, ನಾಯಕರ ಹುಟ್ಟುಹಬ್ಬದ ಪುಟ ಎರಡನ್ನೂ ಬಿಟ್ಟರೆ ನಮ್ಮ ವಾರಪತ್ರಿಕೆ ಆರು ತಿಂಗಳೂ ನಡೆಯಲ್ಲ ಎಂದಿದ್ದವರೇ ಈಗ ಲೆಕ್ಕ ಕೇಳುತ್ತಿದ್ದಾರೆ. ಹೇಳುತ್ತೇನೆ, ಕೇಳಲಿ.

ಎಂಟು ಪುಟದ ಟ್ಯಾಬ್ಲಾಯ್ಡ್ (ದಿನಪತ್ರಿಕೆಯ ಅರ್ಧ ಅಳತೆ), 45 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 45 ಗ್ರಾಂ ತೂಗುವ ಕಾಗದ. ಕೆಜಿಗೆ ಐವತ್ತರ ಹತ್ತಿರ ಪ್ರತಿ. ಸುರುಳಿ ಕಾಗದ ಓಡುವ ವೆಬ್ ಮುದ್ರಣ ಯಂತ್ರದಲ್ಲಿ ಬಣ್ಣ ಸರಿಯಾಗಿ ಕೂರುವಷ್ಟರಲ್ಲಿ ಇನ್ನೂರು ಪ್ರತಿ ರದ್ದಿಗೆ. ಎರಡು ಸಾವಿರ ಹೊಡೆಸುವವರಿಗೆ ಹತ್ತರಲ್ಲೊಂದು ಪಾಲು ಅಲ್ಲೇ ಹೋಯಿತು. ಕಪ್ಪು ಬಿಳುಪಿಗೆ ಬಂದ ಮೇಲೆ ಪುಟಕ್ಕೆ ನಾಲ್ಕು ಅಚ್ಚಿನ ಪ್ಲೇಟಿನ ಬದಲು ಒಂದೇ ಸಾಕು; ಒಂದು ಪ್ರತಿಗೆ ಮೂರು ರೂಪಾಯಿಯೊಳಗೆ ಬೀಳುತ್ತದೆ.

ಅಂಗಡಿ ಮಾರಾಟ ಪೂರ್ತಿ ಮುಳುಗಿತು. ಕಮಿಷನ್ ಶೇ 30, ಮೂರರಲ್ಲೊಂದು ಪ್ರತಿ ವಾಪಸ್, ಉಳಿದದ್ದಕ್ಕೆ ಬಾಕಿ. ಈಗ ಮುಂಗಡ ಚಂದಾ ಮಾತ್ರ: ವರ್ಷಕ್ಕೆ 300 ರೂಪಾಯಿ, ಹೆಚ್ಚುಕಡಿಮೆ 1,700 ಮಂದಿ. ಮುದ್ರಣ ಕಳೆದು ಎರಡು ಲಕ್ಷದಷ್ಟು ಉಳಿಯುತ್ತದೆ. ಸಂಬಳ ಹುಟ್ಟುವುದು ಬಿಲ್ ಪುಸ್ತಕ, ಲಗ್ನಪತ್ರಿಕೆ ಅಚ್ಚು ಹಾಕಿಕೊಡುವ ಜಾಬ್ ವರ್ಕಿನಿಂದ. ಅಂಗಡಿಗಳ ಜಾಹೀರಾತು ಹಾಕುತ್ತೇವೆ, ಆದರೆ ಒಬ್ಬರಿಂದ ಆದಾಯದ ಶೇ 10 ದಾಟುವಂತಿಲ್ಲ. ದಾಟಿದರೆ ಆ ಅಂಗಡಿಯ ಸುದ್ದಿ ಬರೆಯಲು ಕೈ ತಡೆಯುತ್ತದೆ.

ನಡುವೆ ಪಿಡಿಎಫ್ ಅನ್ನು ವಾಟ್ಸ್ಆ್ಯಪ್‌ನಲ್ಲಿ ಪುಕ್ಕಟೆ ಬಿಟ್ಟು ನೋಡಿದೆವು. ಓದುಗರು ಏರಿದರು, ನವೀಕರಣ ಇಳಿಯಿತು. ಈಗ ಮೊದಲ ಪುಟದ ಚಿತ್ರವಷ್ಟೇ ಹೋಗುತ್ತದೆ.

ಚಂದಾ ಉಳಿಸುವುದು ಸರ್ಕಾರಿ ಕಾಮಗಾರಿ ಸುದ್ದಿ. ಅದರ ದಾಖಲೆ ಪಡೆಯುವುದು ಮಾಹಿತಿ ಹಕ್ಕಿನಿಂದ. ರಾಜ್ಯದ ಮಾಹಿತಿ ಹಕ್ಕು ನಿಯಮದಲ್ಲಿ ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಎಲ್ಲವನ್ನೂ ಒಂದರಲ್ಲೇ ಕೇಳಿದರೆ ಅದೇ ನೆಪದಲ್ಲಿ ತಿರಸ್ಕಾರ. ಅಂದಾಜುಪಟ್ಟಿಗೆ ಒಂದು, ನಡೆದ ಕೆಲಸದ ಅಳತೆ ಬರೆದಿಡುವ ಅಳತೆ ಪುಸ್ತಕಕ್ಕೆ ಒಂದು, ಬಿಲ್ಲಿಗೆ ಒಂದು ಅರ್ಜಿ, ತಲಾ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್. ಉತ್ತರ ಬಾರದೆ 30 ದಿನ ಕಳೆದ ಕೂಡಲೇ ಮೊದಲ ಮೇಲ್ಮನವಿ. ಅರ್ಜಿಯಲ್ಲಿ 'ದೃಢೀಕೃತ ಪ್ರತಿ' ಎಂದು ಬರೆಯದಿದ್ದರೆ ಬರೀ ಜೆರಾಕ್ಸ್ ಬರುತ್ತದೆ. ಭಾರತೀಯ ನ್ಯಾಯಸಂಹಿತೆಯ 356ನೇ ಕಲಮಿನಡಿ ಮಾನಹಾನಿ ದೂರು ಬಿದ್ದಾಗ ಆ ಜೆರಾಕ್ಸ್ ಅಷ್ಟಾಗಿ ಕೆಲಸಕ್ಕೆ ಬಾರದು. ಅಚ್ಚಿಗೆ ಮೊದಲು ಗುತ್ತಿಗೆದಾರರಿಗೂ ಎಂಜಿನಿಯರಿಗೂ ಲಿಖಿತ ಪ್ರಶ್ನೆ ಕಳಿಸಿ, ರಸೀದಿ ಕಡತಕ್ಕೆ ಸೇರಿಸಿ. ಉತ್ತರ ಬಂದರೆ ಪೂರ್ತಿ ಹಾಕಿ, ಕತ್ತರಿಸಬೇಡಿ.

ನೋಂದಾಯಿತ ಪತ್ರಿಕೆಗೆ ಸಿಗುವ ಅಂಚೆ ರಿಯಾಯಿತಿ ಬಿಡಬೇಡಿ. ಪ್ರತಿಗಳನ್ನು ಗೊತ್ತುಪಡಿಸಿದ ದಿನ, ಗೊತ್ತುಪಡಿಸಿದ ಅಂಚೆ ಕಚೇರಿಗೇ ಹಾಕಬೇಕು. ಅದಕ್ಕೇ ನಮ್ಮಲ್ಲಿ ಪುಟ ಮುಗಿಸುವ ಗಡುವು ಹಿಂದಿನ ಸಂಜೆ ಆರಕ್ಕೆ.