ಪೂರ್ವದ ಬಾಗಿಲು ನೋಡಿದ್ದಾಯ್ತು, ಬೇಸ್‌ಮೆಂಟಿಗೂ ಇಳಿಯಿರಿ

ಶಿಕಾಗೋ ಕಡೆ ಮನೆ ಹುಡುಕುವ ನಮ್ಮವರು ಮೊದಲು ಕೇಳುವುದು ಬಾಗಿಲು ಯಾವ ದಿಕ್ಕಿಗೆ ಅಂತ. ನಾನೂ ಕೇಳಿದವನೇ. ಆದರೆ ಇನ್‌ಸ್ಪೆಕ್ಷನ್ ದಿನ, ಅಂದರೆ ಕೊಳ್ಳುವ ಮೊದಲು ಮನೆ ತಪಾಸಣೆ ಮಾಡಿಸುವ ದಿನ, ರಜೆ ಹಾಕಿ, ಇನ್‌ಸ್ಪೆಕ್ಟರ್ ಬೆನ್ನಿಗೇ ಓಡಾಡಿ. ವರದಿಯಲ್ಲಿ ಸೋರುವ ನಲ್ಲಿಗೂ ಬಾಗಿದ ಗೋಡೆಗೂ ಒಂದೊಂದೇ ಸಾಲು ಇರುತ್ತದೆ, ಯಾವುದು ದೊಡ್ಡ ತೊಂದರೆ ಅಂತ ಜೊತೆಗಿದ್ದು ನೋಡಿದರೇ ತಿಳಿಯುವುದು.

ಮೊದಲು ಗ್ಯಾಸ್ ವಾಟರ್ ಹೀಟರ್ ನೋಡಿ. ಅದರ ನೆತ್ತಿಯ ಮೇಲೆ ನೀರಿನ ಪೈಪಿನ ಸುತ್ತ ಪ್ಲಾಸ್ಟಿಕ್ ಬಿಲ್ಲೆಗಳಿರುತ್ತವೆ. ಅವು ಕರಗಿ ಸೊಟ್ಟಗಾಗಿದ್ದರೆ ಹೊಗೆ ಚಿಮಣಿ ಹತ್ತದೆ ವಾಪಸ್ ಬರುತ್ತಿದೆ ಅಂತಲೇ ಅನುಮಾನಿಸಿ. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಇದ್ದರೆ ಮೂಗಿಗೂ ತಿಳಿಯದು, ಕಣ್ಣಿಗೂ ಕಾಣದು. ನಾವು ನೋಡಿದ ಎರಡನೇ ಮನೆಯ ಕಥೆ ಇದೇ. ಮನೆ ಬೆಚ್ಚಗಿಡುವ ಫರ್ನೇಸ್ ಹೊಸದು ಹಾಕಿಸಿ, ಅದರ ಹೊಗೆಯನ್ನು ಬಿಳಿ ಪಿವಿಸಿ ಪೈಪಲ್ಲಿ ಪಕ್ಕದ ಗೋಡೆಯಿಂದ ಹೊರಗೆ ಬಿಟ್ಟಿದ್ದರು. ಫರ್ನೇಸ್, ವಾಟರ್ ಹೀಟರ್ ಎರಡಕ್ಕೂ ಸೇರಿಸಿ ಕಟ್ಟಿದ್ದ ಇಟ್ಟಿಗೆ ಚಿಮಣಿಗೆ ಈಗ ಹೀಟರ್ ಒಂದೇ ಉಳಿದಿತ್ತು. ಅದರ ಬಿಸಿ ಅಷ್ಟು ದೊಡ್ಡ ಚಿಮಣಿಗೆ ಎಲ್ಲಿ ಸಾಕು? ಇನ್‌ಸ್ಪೆಕ್ಟರ್ ಬಿಸಿನೀರು ಬಿಟ್ಟು, ಉರಿ ಹೊತ್ತಿದ ಮೇಲೆ ಹೀಟರಿನ ನೆತ್ತಿಯ ಬಳಿ ಊದುಬತ್ತಿಯಷ್ಟು ಹೊಗೆ ಬರುವ ಕಡ್ಡಿ ಹಿಡಿದರು. ಐದು ನಿಮಿಷವಾದರೂ ಹೊಗೆ ಮೇಲೆ ಹೋಗದೆ ನಮ್ಮ ಮುಖಕ್ಕೇ ಬಂತು. ಚಿಮಣಿಯೊಳಗೆ ಅಳತೆಗೆ ತಕ್ಕ ಲೋಹದ ಲೈನರ್, ಅಂದರೆ ಒಳಕೊಳವೆ, ಇಳಿಸಿದರೆ ಇದು ಸರಿಹೋಗುತ್ತದೆ.

ಒಗ್ಗರಣೆ ಘಾಟಿಗೆಂದು ಒಲೆಯ ಮೇಲೆ ಹೊಗೆ ಎಳೆಯುವ ಭಾರಿ ಹುಡ್ ಹಾಕಿಸುವವರೇ, ಅದು ಎಳೆಯುವ ಗಾಳಿ 400 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ) ದಾಟಿದರೆ ಹೊರಗಿನ ಗಾಳಿ ಒಳಬರಲೂ ದಾರಿ ಮಾಡಿಸಿ. ಇಲ್ಲವಾದರೆ ಹುಡ್ ಹೀಟರಿನ ಹೊಗೆಯನ್ನೇ ಮನೆಯೊಳಗೆ ಎಳೆದೀತು.

ಅಟ್ಟದಲ್ಲಿ ಎರಡೇ ಸಂಗತಿ. ಬಾತ್‌ರೂಮ್ ಫ್ಯಾನಿನ ಪೈಪ್ ಅಲ್ಲೇ ಕೊನೆಯಾಗಿದ್ದರೆ ಚಳಿಗಾಲದಲ್ಲಿ ಆ ಹಬೆ ತಾಗಿ ಮಾಡಿನ ಹಲಗೆಗೆ ಕಪ್ಪು ಬೂಷ್ಟು ಹಿಡಿಯುತ್ತದೆ. ಜಾಗ ಮಾಡಿಕೊಳ್ಳಲು ಯಾರಾದರೂ ಟ್ರಸ್, ಅಂದರೆ ಮಾಡನ್ನು ಹೊರುವ ಮರದ ಚೌಕಟ್ಟು, ಕೊಯ್ದಿದ್ದರೆ ಅದು ಸಣ್ಣ ವಿಷಯವಲ್ಲ.

ಇನ್ನು ಬೇಸ್‌ಮೆಂಟ್ ಗೋಡೆ. ಕಾಂಕ್ರೀಟಿನಲ್ಲಿ ಮೇಲಿಂದ ಕೆಳಕ್ಕೆ ಕೂದಲೆಳೆಯಂಥ ಬಿರುಕು ಕಂಡು ಗಾಬರಿಯಾಗಬೇಡಿ, ಸಾಮಾನ್ಯವಾಗಿ ಕಾಂಕ್ರೀಟ್ ಒಣಗುವಾಗ ಬಂದಿರುತ್ತದೆ. ಸಿಮೆಂಟ್ ಬ್ಲಾಕ್ ಗೋಡೆಯ ನಡುಮಧ್ಯೆ ಅಡ್ಡಕ್ಕೆ ಬಿರುಕಿದ್ದರೆ ಮಾತ್ರ ಹೊರಗಿನ ನೆನೆದ ಮಣ್ಣು ಗೋಡೆಯನ್ನು ಒಳಕ್ಕೆ ದೂಡುತ್ತಿರುತ್ತದೆ. ಮೇಲಿಂದ ಕೆಳಗೆ ಒಂದು ದಾರ ಬಿಗಿಯಾಗಿ ಹಿಡಿದರೆ ಉಬ್ಬು ಗೊತ್ತಾಗುತ್ತದೆ. ಹೊರಗೆ ಹೋಗಿ ಅದೇ ಜಾಗದಲ್ಲಿ ಸೂರಿನ ನೀರಿನ ಪೈಪ್ ಗೋಡೆ ಬುಡಕ್ಕೇ ಸುರಿಯುತ್ತಿದೆಯಾ ನೋಡಿ. ಒಂದೇ ಗೋಡೆಗೆ ಹೊಸ ಬಣ್ಣವಿದ್ದರೆ ನನಗಂತೂ ಅನುಮಾನ.

ಇಂಥದ್ದು ಕಂಡರೆ ರಿಪೇರಿ ಕಂಪನಿಯವರನ್ನಲ್ಲ, ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ. ರಿಪೇರಿಯವರಿಗೆ ಕೆಲಸ ಮಾರಬೇಕಿರುತ್ತದೆ. ಒಪ್ಪಂದದಲ್ಲಿ ಇನ್‌ಸ್ಪೆಕ್ಷನ್‌ಗೆ ಸಿಗುವುದು ನಮ್ಮ ಕಡೆ ಸಾಮಾನ್ಯವಾಗಿ 5 ಕೆಲಸದ ದಿನ, ಹಾಗಾಗಿ ಅವತ್ತು ಸಂಜೆಯೇ ಫೋನ್ ಮಾಡಿ. ಬಂದು ನೋಡಿ ಬರೆದುಕೊಡಲು ಅವರಿಗೂ ಒಂದೆರಡು ದಿನ ಹಿಡಿಯುತ್ತದೆ.